ಪ್ರೆಸ್ಸಿನ ಸದ್ದು ಮತ್ತು ನನ್ನ ಎರಡನೆಯ ಆಲ್ಬಮ್

ಅಪ್ಪಯ್ಯನ ಕಿವಿಯನ್ನು ನಾನೇ ಪರೀಕ್ಷೆ ಮಾಡಿದೆ. ಕುಂದಾಪುರ ಪೇಟೆಯಲ್ಲಿ ಕಿವಿ ಕೇಳದವರಿಗೆ ಮಷಿನ್ ಕೂರಿಸಿಕೊಡುವ ಅಂಗಡಿಯೊಂದರಲ್ಲಿ ನನ್ನ ಕೆಲಸ. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಒಂದೊಂದೇ ಸ್ವರ ಕಳಿಸುತ್ತೇನೆ. ಕೇಳಿಸಿದಾಗ ಅವರು ಗುಂಡಿ ಒತ್ತಬೇಕು. ಹನ್ನೊಂದು ವರ್ಷದಿಂದ ಊರಿನವರ ಕಿವಿಗಳನ್ನೆಲ್ಲ ನೋಡುತ್ತ ಬಂದವಳು ಸ್ವಂತ ಅಪ್ಪನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು ಕಳೆದ ವರ್ಷವಷ್ಟೇ. ಅವರೇ ಬರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ನಿಜ ಏನೆಂದರೆ ನಾನೂ ಸರಿಯಾಗಿ ಕರೆದಿರಲಿಲ್ಲ. ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದರಾಯಿತು ಎಂದುಕೊಂಡಿದ್ದೆವು.

ವಯಸ್ಸಾದವರ ಕಿವಿಯ ಗೆರೆ ಕಾಗದದ ಮೇಲೆ ಮೆಲ್ಲಗೆ ಇಳಿಯುತ್ತ ಹೋಗುತ್ತದೆ. ಅಪ್ಪಯ್ಯನ ಗೆರೆ ಹಾಗಿರಲಿಲ್ಲ. ನಾಲ್ಕು ಸಾವಿರ ಹರ್ಟ್ಸಿನ ಏರುಸ್ವರದ ಹತ್ತಿರ ಹೊಂಡಕ್ಕೆ ಬಿದ್ದಂತೆ ಬಿದ್ದು, ಆಚೆ ಬದಿಯಲ್ಲಿ ಸ್ವಲ್ಪ ಮೇಲೆದ್ದಿತ್ತು. ಎರಡೂ ಕಿವಿಯಲ್ಲಿ ಅದೇ ಜಾಗದಲ್ಲಿ ಅದೇ ಹೊಂಡ. ನನ್ನ ಕೆಲಸದಲ್ಲಿರುವ ಯಾರಿಗೇ ತೋರಿಸಿದರೂ ಹೇಳುತ್ತಾರೆ, ಇದು ಯಂತ್ರದ ಪಕ್ಕ ನಿಂತವರ ಕಿವಿ ಎಂದು. ಹಂಚಿನ ಕಾರ್ಖಾನೆಯಲ್ಲಿ ಅಪ್ಪಯ್ಯ ಪ್ರೆಸ್ಸು ಓಡಿಸಿದ್ದು ಇಪ್ಪತ್ತಾರು ವರ್ಷ. ಅರೆದ ಮಣ್ಣಿನ ಹೆಂಟೆಯನ್ನು ಅಚ್ಚಿನ ಮೇಲೆ ಇಟ್ಟ ಕೂಡಲೇ ಮೇಲಿಂದ ಕಬ್ಬಿಣ ಬಂದು ಒತ್ತುತ್ತದೆ, ಹಸಿ ಹಂಚು ಈಚೆ ಬರುತ್ತದೆ. ಮತ್ತೆ ಮಣ್ಣು, ಮತ್ತೆ ಕಬ್ಬಿಣ. ಇಪ್ಪತ್ತಾರು ವರ್ಷ.

"ಎಂತ ಬಂತ್?" ಎಂದು ಅಪ್ಪಯ್ಯ ಕೇಳಿದರು. ಎಲ್ಲರಿಗೂ ಕೇಳುವಷ್ಟು ಜೋರಾಗಿ.

ನಾನು ಚೀಟಿಯಲ್ಲಿ ಬರೆದು ತೋರಿಸಿದೆ: ವಯಸ್ಸಿನಿಂದ ಹೋದದ್ದಲ್ಲ, ಕಾರ್ಖಾನೆಯಿಂದ ಹೋದದ್ದು.

ಓದಿ ಚೀಟಿ ಮಡಚಿದರು. "ಅದ್ ನಂಗ್ ಆವತ್ತೇ ಗೊತ್ತಿತ್ತ್. ಡಾಕ್ಟ್ರಿಗ್ ಗೊತ್ತಿರ್ಲಿಲ್ಲೆ" ಎಂದರು.

ಕಂಪೆನಿ ಡಾಕ್ಟರ ಕಥೆ ಆಗ ಹೊರಗೆ ಬಂತು. ಕಿವಿಯಲ್ಲಿ ಕೀಂಯ್ ಎನ್ನುತ್ತದೆ, ಜನ ಮಾತಾಡಿದ್ದು ಅರ್ಧ ಕೇಳುವುದಿಲ್ಲ ಎಂದು ಅಪ್ಪಯ್ಯ ಹೋಗಿ ಹೇಳಿದ್ದರಂತೆ. ಪ್ರೆಸ್ಸು ಬಿಡಿಸಿ ಬೇರೆ ಕೆಲಸಕ್ಕೆ ಹಾಕಿ ಎಂದು ಕೇಳಿದ್ದರಂತೆ. ಡಾಕ್ಟರು ಟಾರ್ಚು ಹಾಕಿ ನೋಡಿ, ಕೊಳೆ ತುಂಬಿದೆ ಎಂದು ಹೇಳಿ, ಒಂದು ಬಾಟ್ಲಿ ಡ್ರಾಪ್ಸ್ ಕೊಟ್ಟು ವಾಪಸು ಪ್ರೆಸ್ಸಿಗೇ ಕಳಿಸಿದರು. ಆಗ ಅಪ್ಪಯ್ಯನಿಗೆ ನಲವತ್ತೂ ಆಗಿರಲಿಲ್ಲ. ಪರೀಕ್ಷೆಯ ದಿನ ಸಂಜೆ ನಮ್ಮೂರು ಯಡ್ತರೆಗೆ ಬಸ್ಸಿನಲ್ಲಿ ಬರುವಾಗ ನನ್ನ ಹಲ್ಲು ನೋಯುತ್ತಿತ್ತು. ಕುಂದಾಪುರದಿಂದ ಮನೆಯ ತನಕ ಕಚ್ಚಿಹಿಡಿದುಕೊಂಡೇ ಬಂದಿದ್ದೆ.

ನಾನು ಸಂಗೀತ ಮಾಡುತ್ತೇನೆ ಎಂದು ಇಲ್ಲಿ ಹೇಳಬೇಕು. ಹಾಗೆ ಹೇಳಿದರೆ ನಮ್ಮ ಕಡೆಯವರು ಭಜನೆ ಅಥವಾ ಭಾಗವತಿಕೆ ಎಂದುಕೊಳ್ಳುತ್ತಾರೆ. ನನ್ನದು ಹಳೆಯ ಲ್ಯಾಪ್‌ಟಾಪು, ಒಂದು ರೆಕಾರ್ಡರು, ಒಂದು ಸಣ್ಣ ಕೀಬೋರ್ಡು. ಯಂತ್ರದ ಸದ್ದು, ತಗಡಿನ ಸದ್ದು, ಕಂಪ್ಯೂಟರಿನಲ್ಲೇ ಹುಟ್ಟಿಸಿದ ಸದ್ದು ಎಲ್ಲವನ್ನೂ ತಾಳಕ್ಕೆ ಕಟ್ಟುತ್ತೇನೆ. ಇಂಡಸ್ಟ್ರಿಯಲ್ ಎನ್ನುತ್ತಾರೆ ಅದಕ್ಕೆ. ಬ್ಯಾಂಡ್ ಇಲ್ಲ, ಕಂಪೆನಿ ಇಲ್ಲ, ನಾನೊಬ್ಬಳೇ. ಮೊದಲನೆಯ ಆಲ್ಬಮ್ ಮಾಡಿದ್ದು ಮೀನಿಗೆ ಐಸ್ ಮಾಡುವ ಪ್ಲಾಂಟಿನ ಸದ್ದಿನಿಂದ. ಸ್ವಂತ ಹೆಸರು ಹಾಕದೆ ಇಂಟರ್‌ನೆಟ್ಟಿಗೆ ಬಿಟ್ಟೆ. ಎಲ್ಲೆಲ್ಲಿಯವರೋ ಕೆಲವರು ಕೇಳಿ ಚೆನ್ನಾಗಿದೆ ಎಂದು ಬರೆದರು. ಅಮ್ಮನ ತವರು ಸಾಲಿಗ್ರಾಮದ ಹತ್ತಿರ, ದೇವಸ್ಥಾನದಲ್ಲಿ ವಾದ್ಯ ಊದುವವರ ಮನೆ. ಅಲ್ಲಿಯ ಮಾವ ಎರಡು ನಿಮಿಷ ಕೇಳಿ, "ಹೆಣೆ, ತೆಂಗಿನ್ಕಾಯಿ ಹಾಕ್ದೆ ಮಿಕ್ಸಿ ತಿರ್ಗ್ಸಿದಾಂಗ್ ಇತ್ತಲೆ" ಎಂದರು. ನಾನೂ ನಕ್ಕೆ. ಆ ಆಲ್ಬಮ್ಮಿನಲ್ಲಿ ಸಿಟ್ಟು ಇರಲಿಲ್ಲ. ಸದ್ದು ಚಂದ ಎಂದು ಮಾಡಿದ್ದು.

ಎರಡನೆಯದು ಹಾಗಲ್ಲ. ಅಪ್ಪಯ್ಯನ ಕಾರ್ಖಾನೆಯ ಸದ್ದಿನಿಂದಲೇ ಮಾಡುತ್ತೇನೆ ಎಂದು ಆ ಬಸ್ಸಿನಲ್ಲಿ ತೀರ್ಮಾನ ಮಾಡಿದೆ. ಕಾರ್ಖಾನೆ ನಿಂತು ವರ್ಷಗಳೇ ಆಗಿದ್ದವು. ಯಾರೋ ಅದನ್ನು ಕೊಂಡು ರೆಸಾರ್ಟ್ ಮಾಡುತ್ತಿದ್ದರು. ಅದರ ಮ್ಯಾನೇಜರು ತನ್ನ ತಾಯಿಗೆ ಕಿವಿಯ ಮಷಿನ್ ಹಾಕಿಸಲು ನಮ್ಮ ಅಂಗಡಿಗೇ ಬರುತ್ತಿದ್ದ. ನಯವಾದ ಮನುಷ್ಯ, ನಮ್ಮ ಕಡೆಯವನೇ, ಆದರೆ ಮಾತಾಡುವುದು ಪುಸ್ತಕದ ಕನ್ನಡ. ಉಳಿದ ಯಂತ್ರಗಳನ್ನು ಗುಜರಿಗೆ ಕೊಟ್ಟು ಒಂದು ಪ್ರೆಸ್ಸನ್ನು ಮಾತ್ರ ಅತಿಥಿಗಳಿಗೆ ತೋರಿಸಲು ಇಟ್ಟುಕೊಂಡಿದ್ದೇವೆ, ಹೊಸ ಮೋಟಾರು ಕೂರಿಸಿ ಓಡಿಸಿ ನೋಡುತ್ತಿದ್ದೇವೆ ಎಂದ. ನಾನು ರೆಕಾರ್ಡ್ ಮಾಡಿಕೊಳ್ಳಲೇ ಎಂದು ಕೇಳಿದೆ. ಧಾರಾಳವಾಗಿ ಬನ್ನಿ, ಮಾಡಿದ್ದನ್ನು ನಮಗೂ ಒಮ್ಮೆ ಕೇಳಿಸಿ ಎಂದ.

ಮೂರು ಮಧ್ಯಾಹ್ನ ಅಲ್ಲಿದ್ದೆ. ಮಾಡಿನ ಹಂಚು ಅರ್ಧ ತೆಗೆದಿದ್ದರು, ಬಿಸಿಲು ನೇರ ಪ್ರೆಸ್ಸಿನ ಮೇಲೆ ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಸ್ವಿಚ್ಚು ಹಾಕಿದ. ಬೆಲ್ಟು ಬಿಗಿಯಾಯಿತು, ಗಾಲಿ ತಿರುಗಿತು, ಕಬ್ಬಿಣ ಕೆಳಗೆ ಬಂತು. ನನ್ನ ಕಿವಿಗೆ ರಕ್ಷಣೆಯ ಬಿರಡೆ ಹಾಕಿಕೊಂಡಿದ್ದೆ. ಆದರೂ ಎದೆಯ ಗೂಡು ಅಲುಗಿತು. ಹತ್ತು ನಿಮಿಷಕ್ಕೆ ತಲೆ ಸಿಡಿಯಿತು. ಇದರ ಪಕ್ಕ ಇಪ್ಪತ್ತಾರು ವರ್ಷ ನಿಂತವರಿಗೆ ಕಂಪೆನಿ ಕೊಟ್ಟದ್ದು ಹತ್ತಿಯ ಉಂಡೆ. ಅದೂ ಕೇಳಿದವರಿಗೆ ಮಾತ್ರ.

ನಾಲ್ಕು ತಿಂಗಳು ಕೂತು ಏಳು ಟ್ರ್ಯಾಕ್ ಮಾಡಿದೆ. ಪ್ರೆಸ್ಸಿನ ಹೊಡೆತವೇ ತಾಳ. ಗಾಲಿಯ ಕಿರುಗುಟ್ಟುವಿಕೆಯನ್ನು ಎಳೆದು, ತಿರುಚಿ, ಕೂಗಿನ ಹಾಗೆ ಮಾಡಿದ್ದೆ. ಕೇಳಿದವರಿಗೆ ತಡೆಯಲಾರದ ಸಿಟ್ಟು ಬರಬೇಕು ಎಂದು ನನ್ನ ಆಸೆ. ಅಷ್ಟರಲ್ಲಿ ಅಪ್ಪಯ್ಯನಿಗೆ ಎರಡೂ ಕಿವಿಗೆ ಮಷಿನ್ ಕೂರಿಸಿದ್ದೆ. ಅವರಿಗೆ ನನ್ನ ಕೆಲಸ ಕೇಳಿಸಲು ಸಾಧ್ಯವಾಗಿದ್ದು ಅದೇ ಮೊದಲು. ಒಂದು ಭಾನುವಾರ ಬೆಳಿಗ್ಗೆ ಚಾವಡಿಯಲ್ಲಿ ಸ್ಪೀಕರ್ ಇಟ್ಟು ಹಾಕಿದೆ. ಖುಷಿಯಾಗುತ್ತಾರೆ, ಮಗಳು ನನ್ನ ಪರ ಮಾತಾಡಿದಳು ಎಂದುಕೊಳ್ಳುತ್ತಾರೆ ಎಂದು ಎಣಿಸಿದ್ದೆ.

ಎರಡು ನಿಮಿಷವೂ ಆಗಿರಲಿಲ್ಲ. ಅಪ್ಪಯ್ಯ ಒಂದೊಂದೇ ಕಿವಿಯ ಮಷಿನ್ ಕಿತ್ತು ಬೆಂಚಿನ ಮೇಲೆ ಇಟ್ಟರು.

"ಇದನ್ ಮನಿಯೊಳ್ಗ್ ಎಂತಕ್ ತಂದೆ?" ಎಂದರು.

ನನಗೆ ಅರ್ಥವಾಗಲಿಲ್ಲ. ಹತ್ತಿರ ಹೋಗಿ ಕೂಗಿ ಹೇಳಿದೆ, "ಅಪ್ಪಯ್ಯ, ಇದ್ ನಿಮ್ಗಾಯ್ ಮಾಡಿದ್ದ್. ಅವ್ರ್ ಮಾಡಿದ್ ಎಲ್ಲರಿಗೂ ಗೊತ್ತಾಯ್ಕಲ್ದಾ?"

"ಯಾರ್ ಮಾಡಿದ್ದ್? ಮಷಿನ್ ಮಾಡಿದ್ದಾ?" ಅಪ್ಪಯ್ಯ ಎದ್ದು ನಿಂತಿದ್ದರು. "ಬರೀ ಮಷಿನ್ ಸದ್ದ್ ಹಾಕಿದ್ಯಲೆ. ಮನ್ಷರ್ ಎಲ್ಲಿದ್ರ್ ಇದ್ರಗೆ? ಒಬ್ರ್ ಕೂಗಿದ್ದ್ ಕೇಂತಾ? ಕಂಪೆನಿಯವ್ರಿಗೂ ಬೇಕಾದ್ದ್ ಅದೇ ಸೈ!"

ಅಡುಗೆಮನೆಯಿಂದ ಅಮ್ಮ ಬಂದು ಬಾಗಿಲಲ್ಲಿ ನಿಂತರು. ಅಪ್ಪಯ್ಯ ಅಂಗಳಕ್ಕೆ ಇಳಿದು ಹೋದರು. ಅವರಿಗಾಗಿ ಸಿಟ್ಟುಗೊಂಡ ನನ್ನ ಮೇಲೆ ಅವರೇ ಸಿಟ್ಟುಗೊಳ್ಳುವುದೆಂದರೆ? ನಾಲ್ಕು ತಿಂಗಳ ಕೆಲಸಕ್ಕೆ ಎರಡು ನಿಮಿಷ ಕೂರಲಾಗಲಿಲ್ಲವೇ? ಅಮ್ಮನ ಹತ್ತಿರ ಜಗಳ ಮಾಡಿದೆ, ಪಾತ್ರೆ ಕುಕ್ಕಿದೆ. ಅಮ್ಮ, "ಅವ್ರ್ ಹತ್ರ ಇಪ್ಪುದೆಲ್ಲ ನಿಂಗ್ ಗೊತ್ತಿಲ್ಲೆ" ಎಂದರು ಅಷ್ಟೇ.

ಅದೇ ವಾರ, ಬಿಡುವಿನಲ್ಲಿ ನನ್ನ ಟ್ರ್ಯಾಕುಗಳನ್ನು ಕೇಳಿದ್ದ ಅಂಗಡಿಯ ಸಹೋದ್ಯೋಗಿಯೊಬ್ಬಳು ಮೊಬೈಲು ಹಿಡಿದುಕೊಂಡು ಬಂದಳು. "ಹ್ವಾಯ್, ಇದ್ ನಿಮ್ ಮ್ಯೂಸಿಕ್ ಅಲ್ದಾ ಕಾಣಿ" ಎಂದಳು. ರೆಸಾರ್ಟಿನ ಜಾಹೀರಾತು. ಮೇಲಿಂದ ಡ್ರೋನಿನಲ್ಲಿ ತೆಗೆದ ನದಿ, ತೆಂಗು, ಚಿಮಣಿ. ಕೆಳಗೆ ನನ್ನ ಎರಡನೆಯ ಟ್ರ್ಯಾಕು. ಕೇಳಿಸಿ ಎಂದಿದ್ದನಲ್ಲ ಎಂದು ಮ್ಯಾನೇಜರಿಗೆ ನಾನೇ ಕಳಿಸಿದ್ದು. ಸದ್ದನ್ನು ತಗ್ಗಿಸಿ, ಮೇಲೆ ಕೊಳಲು ಕೂರಿಸಿದ್ದರು. ಈಜುಕೊಳದಲ್ಲಿ ಒಬ್ಬಳು ನಗುತ್ತ ಎದ್ದು ಬರುವ ಹೊತ್ತಿಗೆ ಅಪ್ಪಯ್ಯನ ಪ್ರೆಸ್ಸು ಧಡ್ ಧಡ್ ಎನ್ನುತ್ತಿತ್ತು. ಅಕ್ಷರಗಳು ಮೂಡಿದವು: ದುಡಿಮೆಯ ಲಯದಲ್ಲಿ ವಿಶ್ರಾಂತಿ.

ಊಟದ ಬಿಡುವಿನಲ್ಲಿ ರಿಕ್ಷಾ ಹತ್ತಿ ನೇರ ಅಲ್ಲಿಗೆ ಹೋದೆ. ಮ್ಯಾನೇಜರು ಎದ್ದು ನಿಂತು ಕುರ್ಚಿ ತೋರಿಸಿದ. ಎಳನೀರು ತರಿಸುತ್ತೇನೆ ಎಂದ.

"ಎಳ್ನೀರ್ ಬ್ಯಾಡ. ಆ ಜಾಹೀರಾತ್ ತೆಗೀರಿ" ಎಂದೆ.

"ನೀವು ಬೇಸರ ಮಾಡಿಕೊಳ್ಳಬಾರದು ಮೇಡಂ. ನಿಮ್ಮ ಹೆಸರು ಹಾಕೋಣ. ಎಷ್ಟು ಜನ ನೋಡಿದ್ದಾರೆ ಗೊತ್ತುಂಟಾ? ನಿಮಗೇ ಒಳ್ಳೆಯದಲ್ಲವೇ?"

"ಕೇಂಬುದ್ ಅಂದ್ರ್ ಕದ್ಕಂಡ್ ಹಾಕುದಾ? ನಮ್ಮಪ್ಪಯ್ಯನ ಕಿವಿ ತೆಗ್ದ ಸದ್ದದ್. ಅದ್ಕೆ ಕೊಳ್ಲ್ ಊದ್ಸಿದ್ರಲೆ!"

ಅವನು ತಲೆ ತಗ್ಗಿಸಿದ. ಪಾಪ, ನಾಚಿಕೆಯಾಯಿತು ಎಂದುಕೊಂಡೆ. ತಲೆ ಎತ್ತಿ ಅವನು ಹೇಳಿದ್ದು ಇದು: "ನಿಮ್ಮ ತಂದೆಯವರು ಇಲ್ಲಿ ಕೆಲಸ ಮಾಡಿದ್ದಾ? ಹಾಗಾದರೆ ಅವರದ್ದೊಂದು ಹಳೆಯ ಫೋಟೋ ಕೊಡಿ ಮೇಡಂ, ಪ್ರೆಸ್ಸಿನ ಪಕ್ಕ ಗೋಡೆಗೆ ಹಾಕೋಣ. ಅತಿಥಿಗಳಿಗೆ ಬಹಳ ಇಷ್ಟವಾಗುತ್ತದೆ."

ಏನು ಉತ್ತರ ಕೊಟ್ಟೆ ನೆನಪಿಲ್ಲ. ಮೇಜಿನ ಮೇಲಿದ್ದ ಅವರ ಬಣ್ಣದ ಕಾಗದಗಳನ್ನು ಕೈಯಲ್ಲಿ ದೂಡಿದ್ದು, ಅವು ನೆಲಕ್ಕೆ ಚೆಲ್ಲಿದ್ದು ನೆನಪಿದೆ. ಅವನು ಬಗ್ಗಿ ಹೆಕ್ಕತೊಡಗಿದ. ಅದನ್ನು ನೋಡಿ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಮನೆಗೆ ಬಂದು ಅಪ್ಪಯ್ಯನಿಗೆ ಎಲ್ಲ ಹೇಳಿದೆ, ಜಾಹೀರಾತನ್ನೂ ತೋರಿಸಿದೆ. ಅವರು ಮಷಿನ್ ಹಾಕಿಕೊಂಡು ಕೊನೆಯ ತನಕ ನೋಡಿದರು. ಈಜುಕೊಳ ನೋಡಿದರು. ಬೈಯಬಹುದು ಎಂದು ಕಾದೆ. ಮೊಬೈಲು ನನ್ನ ಕೈಗೆ ವಾಪಸು ಕೊಟ್ಟು ಎದ್ದು ಹೋದರು. ಮಾರನೆಯ ದಿನ ನನಗೆ ರಜೆ. ಬೆಳಿಗ್ಗೆ ತಿಂಡಿ ಆದ ಮೇಲೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು.

"ಆ ಸದ್ದ್ ಹಿಡಿಯು ಡಬ್ಬಿ ತಕೋ. ಬ್ರಹ್ಮಾವರಕ್ಕ್ ಹೋಪ" ಎಂದರು.

ಬ್ರಹ್ಮಾವರದಲ್ಲಿ ಅವರ ಜೊತೆ ಕೆಲಸ ಮಾಡಿದ ಹೆಂಗಸೊಬ್ಬರು ಇದ್ದರು, ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಪ್ರೆಸ್ಸಿನಿಂದ ಬಂದ ಹಸಿ ಹಂಚಿನ ಅಂಚನ್ನು ತಂತಿಯಲ್ಲಿ ಸವರಿ ಸರಿ ಮಾಡುವುದು ಅವರ ಕೆಲಸವಾಗಿತ್ತು. ಹದಿನೆಂಟು ವರ್ಷ ಅಪ್ಪಯ್ಯನ ಎಡಗಡೆ ನಿಂತವರು. ಈಗ ಮಗಳ ಮನೆಯಲ್ಲಿದ್ದಾರೆ. ನಾವು ಹೋದಾಗ ಜಗಲಿಯಲ್ಲಿ ಕೂತು ಬಸಳೆ ಸೋಸುತ್ತಿದ್ದರು. ಅಪ್ಪಯ್ಯನನ್ನು ಕಂಡು, "ಅಯ್ಯೋ, ಬದ್ಕಿದ್ರ್ಯಾ!" ಎಂದು ಗೇಟಿನ ಆಚೆಗೂ ಕೇಳುವ ಹಾಗೆ ಕೂಗಿದರು. ಅಪ್ಪಯ್ಯ ಅಷ್ಟೇ ಜೋರಾಗಿ ಉತ್ತರ ಕೊಟ್ಟರು. ಅಕ್ಕನ ಕಿವಿಯೂ ಹೋಗಿತ್ತು. ಒಂದು ಗೇಣು ದೂರದಲ್ಲಿ ಕೂತು ಇಬ್ಬರೂ ಒಬ್ಬರಿಗೊಬ್ಬರು ಬೊಬ್ಬೆ ಹಾಕುತ್ತ, ನಡುವೆ ಕೈಸನ್ನೆ ಮಾಡುತ್ತ ಮಾತಾಡಿದರು. ಪ್ರೆಸ್ಸಿನ ಪಕ್ಕ ಅವರು ಮಾತಾಡುತ್ತಿದ್ದದ್ದು ಹೀಗೆಯೇ ಇರಬೇಕು.

ಚಾ ಬಂದ ಮೇಲೆ ಅಪ್ಪಯ್ಯ ನನ್ನತ್ತ ತೋರಿಸಿ ಹೇಳಿದರು, "ಇದ್ ಕಾರ್ಖಾನಿ ಸದ್ದಗೆ ಪದ್ಯ ಮಾಡಿತ್. ನೀ ಆ ಹೆಣ್ಣಿನ್ ಸುದ್ದಿ ಹೇಳ್."

ಅಕ್ಕ ಅಪ್ಪಯ್ಯನ ಮುಖ ನೋಡಿದರು. "ಹೇಳ್ಲಾ?"

"ಹೇಳ್."

ಅಲ್ಲಿ ನಾನು ಕೇಳಿದ್ದು ಇದು. ಅಪ್ಪಯ್ಯನ ಪ್ರೆಸ್ಸಿಗೆ ಮಣ್ಣಿನ ಹೆಂಟೆ ಇಡುವ ಕೆಲಸಕ್ಕೆ ಒಬ್ಬಳು ಹೊಸಬಳು ಬಂದಿದ್ದಳು. ಮದುವೆ ಗೊತ್ತಾಗಿದ್ದ ಹುಡುಗಿ. ಒಂದು ದಿನ, ಅಪ್ಪಯ್ಯನಿಗೆ ಕಾಣದ ಪ್ರೆಸ್ಸಿನ ಆ ಮಗ್ಗುಲಲ್ಲಿ, ಅವಳ ಬಳೆ ಅಚ್ಚಿನ ಅಂಚಿಗೆ ಸಿಕ್ಕಿಕೊಂಡಿತು. ಕೈ ಬಿಡಿಸಿಕೊಳ್ಳಲಾಗದೆ, ನಿಲ್ಲಿಸಿ ನಿಲ್ಲಿಸಿ ಎಂದು ಕೂಗಿದಳು.

"ಆವತ್ತ್ ನಾ ಹಂಚ್ ಇಡುಕ್ ಆಚಿಬದಿಗ್ ಹೋಯಿದ್ದೆ, ನಂಗ್ ಅಲ್ಲಿಗೂ ಕೇಂಡಿತ್. ನಾ ಓಡ್ ಬಂದೆ" ಎಂದರು ಅಕ್ಕ. ಅಪ್ಪಯ್ಯನ ಕಡೆಗೆ ತಿರುಗಿ, ಮೆಲ್ಲಗೆ ಹೇಳಬೇಕೆಂದುಕೊಂಡಿರಬೇಕು, ಆದರೆ ಅದೂ ಬೊಬ್ಬೆಯಾಗಿಯೇ ಬಂತು: "ನಿಮ್ಗ್ ಕೇಂಡಿಲ್ಲೆ."

"ನಂಗ್ ಕೇಂಡಿಲ್ಲೆ" ಎಂದರು ಅಪ್ಪಯ್ಯ.

ಎರಡು ಬೆರಳು ಹೋದವು. ಡಾಕ್ಟರು ಡ್ರಾಪ್ಸ್ ಕೊಟ್ಟು ಕಳಿಸಿ ಆಗ ಎರಡು ವರ್ಷವಾಗಿತ್ತು. ಪ್ರೆಸ್ಸು ನಿಂತದ್ದು ಒರೆಸಿ ತೊಳೆಯುವಷ್ಟು ಹೊತ್ತು. ಸೂಪರ್‌ವೈಸರು ಬಂದು ಮೊದಲು ಕೇಳಿದ್ದು, ಹಂಚು ಎಷ್ಟು ಹಾಳಾಯಿತು ಎಂದು. ಆಮೇಲೆ ಹುಡುಗಿಯ ಮದುವೆ ಮುರಿಯಿತು, ಅಣ್ಣನ ಜೊತೆ ಮುಂಬಯಿಗೆ ಹೋದಳು, ಮತ್ತೆ ಯಾರಿಗೂ ಸುದ್ದಿ ಇಲ್ಲ. ಅಪ್ಪಯ್ಯನ ಅಜಾಗರೂಕತೆ ಎಂದು ಕಂಪೆನಿ ಕಾಗದದಲ್ಲಿ ಬರೆದುಕೊಂಡಿತು. ಅಪ್ಪಯ್ಯ ಅದಕ್ಕೆ ಸಹಿ ಹಾಕಿದರು.

"ಎಂತಕ್ ಸಹಿ ಹಾಕಿದ್ರಿ?" ಎಂದು ನಾನು ಕಿರುಚಿದೆ.

"ನಂಗ್ ಕೇಂಡಿಲ್ಲೆ ಅಲ್ದಾ ಹೆಣೆ. ಅದ್ ಕೂಗಿದ್ದ್ ನಂಗ್ ಕೇಂಡಿಲ್ಲೆ." ಇಷ್ಟು ವರ್ಷ ತನ್ನೊಳಗೆ ತಾನೇ ಅಪರಾಧಿ ಎಂದು ಬದುಕಿದ ಮನುಷ್ಯ ಅವರು. ಕಿವಿಯನ್ನು ತೆಗೆದವರೇ, ಕೂಗು ಕೇಳಿಸಲಿಲ್ಲ ಎಂದು ಅವರಿಂದ ಸಹಿ ಹಾಕಿಸಿಕೊಂಡಿದ್ದರು. ಅವರು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಕ್ಕ ನನ್ನ ಕೈಯಲ್ಲಿದ್ದ ರೆಕಾರ್ಡರು ನೋಡಿ, "ಇದ್ ಹಿಡೀತಾ ಈಗ?" ಎಂದರು. ಹೌದೆಂದೆ. "ಹಂಗಾರೆ ಆ ಸೂಪರ್‌ವೈಸರಿಗೆ ಆವತ್ತ್ ಹೇಳುಕ್ ಆಗ್ದೆ ಇದ್ದದ್ನ್ ಇವತ್ ಹೇಳ್ತೆ" ಎಂದು ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಎದುರಿಗೆ ಅವನೇ ನಿಂತಂತೆ ಗೇಟಿನತ್ತ ಬೆರಳು ತೋರಿಸಿ ಕೂಗಿದರು: "ಹಂಚ್ ಎಷ್ಟ್ ಹಾಳಾಯ್ತ್ ಅಂದೇಳಿ ಕೇಂಡ್ಯಲ, ಬೆರ್ಳ್ ಎಷ್ಟ್ ಹೋಯ್ತ್ ಅಂದೇಳಿ ಕೇಂಡ್ಯಾ? ನಿನ್ ಮಗ್ಳ್ ಬೆರ್ಳಾಯಿದ್ರ್ ಕೇಂತಿದ್ಯಾ?" ಇನ್ನೂ ಬಹಳ ಹೇಳಿದರು. ಅರ್ಧ ಗಂಟೆ. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು. ಸ್ವರ ಒಡೆದು ಹೋಯಿತು, ನಿಲ್ಲಿಸಲಿಲ್ಲ.

ಆಲ್ಬಮ್ಮನ್ನು ಮೊದಲಿನಿಂದ ಮತ್ತೆ ಮಾಡಿದೆ. ಗಾಲಿಯ ಸದ್ದನ್ನು ತಿರುಚಿ ನಾನು ಕಟ್ಟಿದ್ದ ಸುಳ್ಳು ಕೂಗುಗಳನ್ನೆಲ್ಲ ಅಳಿಸಿದೆ. ನಾಲ್ಕನೆಯ ಟ್ರ್ಯಾಕಿನಿಂದ ಮುಂದೆ ಅಕ್ಕನ ದನಿಯೇ ಮೇಲೆ, ಪ್ರೆಸ್ಸು ಕೆಳಗೆ. ಕೊನೆಯ ಟ್ರ್ಯಾಕಿನಲ್ಲಿ ಪ್ರೆಸ್ಸು ನಿಲ್ಲುತ್ತದೆ, ಅಪ್ಪಯ್ಯ ಒಂದೇ ಮಾತು ಹೇಳುತ್ತಾರೆ: "ನಂಗ್ ಕೇಂಡಿಲ್ಲೆ." ಹಾಕಲೇ ಎಂದು ಕೇಳಿದಾಗ ಎರಡು ದಿನ ಯೋಚನೆ ಮಾಡಿ ಹೂಂ ಎಂದರು. ಜಾಹೀರಾತಿನ ಬಗ್ಗೆ ಆ ವೀಡಿಯೋ ಜಾಲತಾಣಕ್ಕೆ ದೂರು ಬರೆದೆ, ಸದ್ದು ನನ್ನದು ಎಂದು ಸಾಕ್ಷಿ ಕಳಿಸಿದೆ. ಕೆಲವು ವಾರದ ನಂತರ ತೆಗೆದರು. ಮ್ಯಾನೇಜರು ಫೋನು ಮಾಡಿ, "ನಮ್ಮವರೇ ಹೀಗೆ ಮಾಡಿದರೆ ಹೇಗೆ ಮೇಡಂ?" ಎಂದ. ನಾನು ನಿಮ್ಮವಳಲ್ಲ ಎಂದು ಫೋನು ಇಟ್ಟೆ. ಬೇರೆ ಯಾವುದೋ ಕೊಳಲು ಹಾಕಿ ಅವರು ಅದನ್ನೇ ಮತ್ತೆ ಬಿಟ್ಟರು. ರೆಸಾರ್ಟು ತೆರೆಯಿತು. ಪ್ರೆಸ್ಸಿಗೆ ಕಪ್ಪು ಬಣ್ಣ ಬಳಿದು ಬಾಗಿಲ ಹತ್ತಿರ ಇಟ್ಟಿದ್ದಾರಂತೆ, ಜನ ಅದರ ಎದುರು ಫೋಟೋ ತೆಗೆಸಿಕೊಳ್ಳುತ್ತಾರಂತೆ. ನಾನು ಹೋಗಿ ನೋಡಿಲ್ಲ.

ಆಲ್ಬಮ್ ಹೊರಗೆ ಬಂದ ಮೇಲೆ ಮೊದಲನೆಯದನ್ನು ಮೆಚ್ಚಿದವರಲ್ಲಿ ಒಬ್ಬ ಬರೆದ: ನಾಲ್ಕನೆಯ ಟ್ರ್ಯಾಕಿನ ಆ ಒಡೆದ ಸ್ವರ ಅದ್ಭುತ, ಯಾವ ಸಿಂಥಸೈಜರಿನಲ್ಲಿ ಮಾಡಿದಿರಿ? ಉತ್ತರ ಬರೆಯುವಾಗ ಬೆರಳು ಗಟ್ಟಿಯಾಗಿ ಕೀಲಿಗಳ ಮೇಲೆ ಬೀಳುತ್ತಿತ್ತು. ಅದು ಬ್ರಹ್ಮಾವರದ ಒಬ್ಬ ಹೆಂಗಸಿನ ಗಂಟಲು, ಅವರು ಹೇಳುತ್ತಿರುವುದು ಇದು ಎಂದು ಪ್ರತಿ ಸಾಲನ್ನೂ ಅರ್ಥ ಬಿಡಿಸಿ ಬರೆದೆ.

ಅಕ್ಕನಿಗೆ ಕೇಳಿಸಲು ಅಪ್ಪಯ್ಯನೂ ನಾನೂ ಮತ್ತೊಮ್ಮೆ ಹೋದೆವು. ಅವರಿಗೆ ನಮ್ಮ ಅಂಗಡಿಯ ಮಷಿನ್ ಒಂದನ್ನು ಕೂರಿಸಿ, ಜಗಲಿಯಲ್ಲಿ ಸ್ಪೀಕರ್ ಇಟ್ಟೆ. ಪೂರ್ತಿ ಕೇಳಿದರು. "ಇನ್ನೊಂಚೂರ್ ಬೈಯ್ಕಿತ್ತ್" ಎಂದರು. ಅಪ್ಪಯ್ಯ ನಕ್ಕರು. ಆ ನಗು ನೋಡಿಯೂ ನನ್ನ ಸಿಟ್ಟು ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ. ಯಾರೊಬ್ಬರೂ ಬಂದು ತಪ್ಪಾಯಿತು ಎಂದಿಲ್ಲವಲ್ಲ.

ವಾಪಸು ಬರುವಾಗ ಬೈಂದೂರು ಬಸ್ಸಿನಲ್ಲಿ ಜನ ತುಂಬಿದ್ದರು. ಅಪ್ಪಯ್ಯ ಆ ಹುಡುಗಿಯ ಬಗ್ಗೆ ಹೇಳತೊಡಗಿದರು. ಅವಳು ಚೆನ್ನಾಗಿ ಹಾಡುತ್ತಿದ್ದಳಂತೆ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಎಲ್ಲರನ್ನೂ ನಗಿಸುತ್ತಿದ್ದಳಂತೆ. ಹಿಂದೆಂದೂ ಹೇಳದ್ದನ್ನೆಲ್ಲ ಹೇಳಿದರು. ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ಕಂಡಕ್ಟರು ಬಂದು, "ಅಜ್ಜಯ್ಯ, ಒಂಚೂರ್ ಮೆಲ್ಲ ಮಾತಾಡಿ" ಎಂದ.

"ಎಂತಕ್ ಮೆಲ್ಲ?" ಎಂದೆ ನಾನು. "ಅವ್ರ್ ಮಾತಾಡ್ಲಿ."

ಕಂಡಕ್ಟರು ನನ್ನ ಮುಖ ನೋಡಿ ಮುಂದೆ ಹೋದ. ಅಪ್ಪಯ್ಯನಿಗೆ ಇದೊಂದೂ ಕೇಳಿಸಿರಲಿಲ್ಲ. ಮಷಿನ್ ತೆಗೆದು ಕಿಸೆಗೆ ಹಾಕಿಕೊಂಡಿದ್ದರು. ಅವರು ಹೇಳುತ್ತಲೇ ಇದ್ದರು.